ಬ್ಯಾಂಕಿನ ಲೆಡ್ಜರೂ ಕೃತಕ ಬುದ್ಧಿಮತ್ತೆಯೂ

(ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೃತಕ ಬುದ್ಧಿಮತ್ತೆಯಿಂದ ನಮ್ಮ ವ್ಯಾಪಾರ, ಉದ್ಯೋಗ ಮತ್ತು ಒಟ್ಟು ಅರ್ಥವ್ಯವಸ್ಥೆ ಹೇಗೆ ಬದಲಾಗಬಹುದು, ಅದರಲ್ಲಿ ಸರಕಾರದ ನೀತಿಯ ಪಾತ್ರವೇನು ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ಮುಂದಾಗುವುದನ್ನು ಹೇಳುವುದು ಜ್ಯೋತಿಷಿಗಳಿಗೆ ಸುಲಭ, ಅರ್ಥಶಾಸ್ತ್ರ ಓದಿದವರಿಗೆ ಕಷ್ಟ. ಆದ್ದರಿಂದ ಮುಂದೆ ನೋಡುವ ಮೊದಲು ಸ್ವಲ್ಪ ಹಿಂದೆ ನೋಡೋಣ. ನಮ್ಮಲ್ಲಿ ಹಿರಿಯರಾದವರ ಕಣ್ಣೆದುರಿಗೇ ಒಂದು ದೊಡ್ಡ ಉದ್ಯಮಕ್ಕೆ ಯಂತ್ರ ಬಂತು. ಅದಕ್ಕೆ ವಿರೋಧ ಬಂತು, ಮಾತುಕತೆ ನಡೆಯಿತು, ಕರಾರು ಆಯಿತು. ಕೊನೆಗೆ ಆ ಉದ್ಯಮದ ಸ್ವರೂಪವೇ ಬೇರೆಯಾಯಿತು. ಅದೇ ಬ್ಯಾಂಕು. ಅಲ್ಲಿ ಏನು ನಡೆಯಿತು ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ, ಈಗ ಬರುತ್ತಿರುವ ಹೊಸ ಯಂತ್ರದ ಮುಂದೆ ಯಾವ ಪ್ರಶ್ನೆ ಕೇಳಬೇಕು ಎಂಬುದಾದರೂ ಗೊತ್ತಾಗುತ್ತದೆ.

ಬ್ಯಾಂಕನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವಿದೆ. ಕನ್ನಡ ನಾಡಿನ ಕರಾವಳಿಯನ್ನು ಬ್ಯಾಂಕುಗಳ ತೊಟ್ಟಿಲು ಎಂದು ಕರೆಯುವುದುಂಟು. ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು ಸ್ಥಾಪಿಸಿದ್ದು 1906ರಲ್ಲಿ. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಮುಂದಾಳುತನದಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ಇವುಗಳಲ್ಲಿ ಸಿಂಡಿಕೇಟ್ ಬ್ಯಾಂಕಿನ ಕಥೆ ವಿಶೇಷವಾದುದು. ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 8,000 ರೂಪಾಯಿ ಬಂಡವಾಳದಿಂದ ಇದನ್ನು ಆರಂಭಿಸಿದಾಗ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಹಣದ ನೆರವು ಒದಗಿಸುವುದು ಉದ್ದೇಶವಾಗಿತ್ತು. 1928ರಲ್ಲಿ ಈ ಬ್ಯಾಂಕು ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವನ ಬಾಗಿಲಿಗೂ ಬ್ಯಾಂಕಿನ ಪ್ರತಿನಿಧಿ ಹೋಗತೊಡಗಿದ.

ಈ ಪಿಗ್ಮಿ ಪದ್ಧತಿಯಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿನಿತ್ಯ ಅಂಗಡಿಯಿಂದ ಅಂಗಡಿಗೆ ಹೋಗುವವನಿಗೆ ಯಾರ ವ್ಯಾಪಾರ ಹೇಗೆ ನಡೆಯುತ್ತಿದೆ, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಕಾಯಿಲೆ ಎಂಬುದೆಲ್ಲ ಗೊತ್ತಿರುತ್ತಿತ್ತು. ಸಾಲ ಕೊಡುವಾಗ ಇಂಥ ತಿಳಿವಳಿಕೆ ಬ್ಯಾಂಕಿಗೆ ಉಪಯೋಗಕ್ಕೆ ಬರುವಂಥದು. ಇಂದು ಫೋನಿನಲ್ಲಿ ಸಾಲ ಕೊಡುವ ಕಂಪನಿಗಳು ನಮ್ಮ ಹಣ ಪಾವತಿಯ ಚರಿತ್ರೆಯನ್ನು ಜಾಲಾಡಿ ತಿಳಿದುಕೊಳ್ಳಲು ಹೊರಟಿರುವುದೂ ಬಹುಮಟ್ಟಿಗೆ ಇದನ್ನೇ. ವ್ಯತ್ಯಾಸವೆಂದರೆ, ಪಿಗ್ಮಿ ಸಂಗ್ರಾಹಕನನ್ನು ನಿಲ್ಲಿಸಿ ಮಾತನಾಡಿಸಬಹುದಾಗಿತ್ತು.

1969ರ ಜುಲೈ 19ರಂದು 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಆ ಪಟ್ಟಿಯಲ್ಲಿದ್ದವು. 1980ರಲ್ಲಿ ಇನ್ನೂ 6 ಸೇರಿದವು. ಅವುಗಳಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳಿದ್ದವು. ಹಳ್ಳಿಗಳಿಗೆ ಹೋಗಿ ಎಂದು ಸರಕಾರ ಹೇಳಿತು, ಬ್ಯಾಂಕುಗಳು ಹೋದವು. 1969ರಲ್ಲಿ ದೇಶದಲ್ಲಿ 8 ಸಾವಿರ ಚಿಲ್ಲರೆ ಶಾಖೆಗಳಿದ್ದವು, 1991ರ ಹೊತ್ತಿಗೆ ಅವು 60 ಸಾವಿರವನ್ನು ದಾಟಿದವು. ಇದು ಸಂಪೂರ್ಣವಾಗಿ ನೀತಿಯಿಂದ ಆದ ಬದಲಾವಣೆ.

ಆದರೆ ಶಾಖೆ ಹೆಚ್ಚಿದ ಹಾಗೆ ಲೆಡ್ಜರೂ ಹೆಚ್ಚಿತು. ಆ ಕಾಲದ ಬ್ಯಾಂಕನ್ನು ಈಗಿನ ವಿದ್ಯಾರ್ಥಿಗಳು ಕಲ್ಪಿಸಿಕೊಳ್ಳುವುದು ಕಷ್ಟ. ಚೆಕ್ಕು ಕೊಟ್ಟವರಿಗೆ ಹಿತ್ತಾಳೆಯ ಟೋಕನ್ ಸಿಗುತ್ತಿತ್ತು. ಚೆಕ್ಕು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ, ಎರಡು ಕೈಯಲ್ಲಿ ಹಿಡಿದು ಎತ್ತಬೇಕಾದಂಥ ಲೆಡ್ಜರಿನಲ್ಲಿ ದಾಖಲಾಗಿ, ಅಧಿಕಾರಿಯ ಸಹಿ ಬಿದ್ದ ಮೇಲೆ ಟೋಕನಿನ ಸಂಖ್ಯೆಯನ್ನು ಕೂಗುತ್ತಿದ್ದರು. ಜೂನ್ ಮತ್ತು ಡಿಸೆಂಬರ್ ತಿಂಗಳ ಕೊನೆಯಲ್ಲಿ ಉಳಿತಾಯ ಖಾತೆಗಳಿಗೆ ಬಡ್ಡಿ ಹಾಕುವಾಗ ನೌಕರರು ರಾತ್ರಿಯವರೆಗೆ ಕೂರಬೇಕಾಗುತ್ತಿತ್ತು. ಎರಡು ರೂಪಾಯಿ ತಾಳೆಯಾಗದಿದ್ದರೆ ಪುಟಪುಟವನ್ನೂ ಮತ್ತೆ ಕೂಡಬೇಕಾಗಿತ್ತು. ಶಾಖೆ ಶಾಖೆಗಳ ನಡುವಿನ ಲೆಕ್ಕ ಸರಿಹೊಂದಿಸುವ ಕೆಲಸವಂತೂ ವರ್ಷಗಟ್ಟಲೆ ಬಾಕಿ ಬೀಳುತ್ತಿತ್ತು. ಇಂಥ ಬಾಕಿಯ ನೆರಳಿನಲ್ಲಿ ವಂಚನೆಗೂ ಅವಕಾಶವಿತ್ತು.

ಯಂತ್ರದ ಅಗತ್ಯ ಇತ್ತೆಂಬುದನ್ನು ತೋರಿಸಲು ಇಷ್ಟು ಹೇಳಿದೆ. ಆದರೆ ಅಗತ್ಯವಿದ್ದ ಮಾತ್ರಕ್ಕೆ ಯಂತ್ರ ತಾನಾಗಿ ಬರಲಿಲ್ಲ. ನಿರುದ್ಯೋಗ ತುಂಬಿದ ದೇಶದಲ್ಲಿ ಕಂಪ್ಯೂಟರ್ ಏಕೆ ಎಂದು ನೌಕರರ ಸಂಘಗಳು ಕೇಳಿದವು. ಅದು ಅಸಂಬದ್ಧ ಪ್ರಶ್ನೆಯಾಗಿರಲಿಲ್ಲ. ಬ್ಯಾಂಕಿನ ಗುಮಾಸ್ತಿಕೆ ಎಂದರೆ ಮಧ್ಯಮ ವರ್ಗದ ಎಷ್ಟೋ ಕುಟುಂಬಗಳಿಗೆ ಸಿಕ್ಕಿದ ಮೊದಲ ಭದ್ರ ನೌಕರಿ. ಅಂತೂ 1983ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳ ಸಂಘಕ್ಕೂ ಪ್ರಮುಖ ನೌಕರ ಸಂಘಟನೆಗಳಿಗೂ ನಡುವೆ ಒಂದು ಒಪ್ಪಂದವಾಯಿತು. ಯಂತ್ರಗಳನ್ನು ಮಿತಿಯೊಳಗೆ ತರಲು ನೌಕರರು ಒಪ್ಪಿದರು. ರಿಸರ್ವ್ ಬ್ಯಾಂಕಿನ ಅಂದಿನ ಉಪ ಗವರ್ನರ್ ಸಿ. ರಂಗರಾಜನ್ ಅವರ ನೇತೃತ್ವದ ಒಂದು ಸಮಿತಿ 1984ರಲ್ಲೂ ಇನ್ನೊಂದು ಸಮಿತಿ 1989ರಲ್ಲೂ ವರದಿ ಕೊಟ್ಟವು. 1987ರಲ್ಲಿ ಎರಡನೆಯ, 1993ರಲ್ಲಿ ಮೂರನೆಯ ಒಪ್ಪಂದವಾಯಿತು. ಪ್ರತಿ ಸಲವೂ ಯಂತ್ರಕ್ಕೆ ಸ್ವಲ್ಪ ಹೆಚ್ಚು ಜಾಗ ಸಿಕ್ಕಿತು.

ಈ ಹತ್ತು ವರ್ಷಗಳ ಚೌಕಾಸಿಯನ್ನು ಕೆಲವರು ದೇಶದ ಪ್ರಗತಿಗೆ ಹಾಕಿದ ಅಡ್ಡಗಾಲು ಎನ್ನುತ್ತಾರೆ, ಇನ್ನು ಕೆಲವರು ಕಾರ್ಮಿಕ ಹೋರಾಟದ ಗೆಲುವು ಎನ್ನುತ್ತಾರೆ. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಯಂತ್ರ ಬಂದದ್ದಕ್ಕಾಗಿ ಖಾಯಂ ನೌಕರರನ್ನು ಒಮ್ಮೆಲೇ ಬೀದಿಗೆ ತಳ್ಳುವ ಪರಿಸ್ಥಿತಿ ಬರಲಿಲ್ಲ ಎಂಬುದು ದೊಡ್ಡ ಸಂಗತಿ. ಆದರೆ ಆ ರಕ್ಷಣೆಗೂ ಒಂದು ಬೆಲೆ ಇತ್ತು. ಅದನ್ನು ತೆತ್ತವರು ಯಾರು?

ಮೊದಲನೆಯದಾಗಿ, ಸರತಿಯಲ್ಲಿ ನಿಂತ ಗ್ರಾಹಕರು. 1993ರಲ್ಲಿ ಹೊಸ ಖಾಸಗಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಬಾಗಿಲು ತೆರೆಯಿತು. ಅವು ಮೊದಲ ದಿನದಿಂದಲೇ ಕಂಪ್ಯೂಟರಿನೊಡನೆ ಬಂದವು. ಪಟ್ಟಣದ ಒಳ್ಳೆಯ ಗ್ರಾಹಕರಲ್ಲಿ ಅನೇಕರು ಅತ್ತ ನಡೆದರು. ಎರಡನೆಯದಾಗಿ, ಇನ್ನೂ ನೌಕರಿಗೆ ಸೇರದಿದ್ದ ತರುಣರು. ಒಳಗಿದ್ದವರನ್ನು ತೆಗೆಯಲಿಲ್ಲವಾದರೂ ಹೊರಗಿದ್ದವರನ್ನು ತೆಗೆದುಕೊಳ್ಳುವುದು ಬಹಳ ಕಾಲ ತೀರ ಕಡಿಮೆಯಾಯಿತು. ನಂತರ 2000-01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ ಸರಕಾರಿ ಬ್ಯಾಂಕುಗಳಿಂದ ಸುಮಾರು 1 ಲಕ್ಷ ಮಂದಿ ಹೊರನಡೆದರು. ನೇಮಕಾತಿ ಪತ್ರವೇ ಬಾರದವನಿಗೆ ಸಂಘವೆಲ್ಲಿ, ಒಪ್ಪಂದವೆಲ್ಲಿ?

ಮೂರನೆಯವರು ನಾನು ಆಗಲೇ ಹೇಳಿದ ಪಿಗ್ಮಿ ಸಂಗ್ರಾಹಕರು. ಬ್ಯಾಂಕಿಗೆ ಹಣ ತಂದುಕೊಡುವವರು ಅವರೇ ಆದರೂ ಲೆಕ್ಕದಲ್ಲಿ ಅವರು ನೌಕರರಲ್ಲ, ಕಮಿಷನ್ ಏಜೆಂಟರು. ಬಿಸಿಲು ಮಳೆಯೆನ್ನದೆ ತಿರುಗಿದರೂ ಅವರಿಗೆ ಸಂಬಳದ ಭರವಸೆಯಿರಲಿಲ್ಲ. ಹಕ್ಕಿಗಾಗಿ ಅವರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. ಕೊನೆಗೆ 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರನ್ನು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೆಂದು ಒಪ್ಪಿಕೊಂಡಿತು. ಪಿಗ್ಮಿ ಆರಂಭವಾದದ್ದು 1928ರಲ್ಲಿ ಎಂಬುದನ್ನು ನೆನಪಿಡಿ. ನಡುವೆ 73 ವರ್ಷ.

ಹೀಗೆ ಬ್ಯಾಂಕಿನ ಚರಿತ್ರೆಯಿಂದ ಸಿಗುವ ಮೊದಲ ಪಾಠ ಇದು: ಯಂತ್ರದಿಂದ ಬರುವ ಲಾಭನಷ್ಟವನ್ನು ಯಂತ್ರ ಹಂಚುವುದಿಲ್ಲ. ಅದು ಬರುವಾಗ ಆಗುವ ಕರಾರು ಹಂಚುತ್ತದೆ. ಕರಾರಿನ ಮೇಜಿನ ಬಳಿ ಯಾರಿಗೆ ಕುರ್ಚಿ ಇರುತ್ತದೆಯೋ ಅವರ ಹಿತ ಉಳಿಯುತ್ತದೆ. ಕುರ್ಚಿ ಇಲ್ಲದವರ ಪಾಲಿಗೆ ಖರ್ಚು ಬೀಳುತ್ತದೆ.

ಇದೇ ಕಥೆಗೆ ಇನ್ನೊಂದು ಮುಖವೂ ಇದೆ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬ್ಯಾಂಕಿನ ಗುಮಾಸ್ತರು ಕಂಪ್ಯೂಟರಿಗೆ ಹೆದರುತ್ತಿದ್ದ ಅದೇ ವರ್ಷಗಳಲ್ಲಿ ದೆಹಲಿಯ ಸರಕಾರ ತನ್ನ ನೀತಿಯನ್ನು ಬದಲಿಸಿತು. 1984ರ ನವೆಂಬರಿನಲ್ಲಿ ಹೊಸ ಕಂಪ್ಯೂಟರ್ ನೀತಿ ಬಂತು. ಅಲ್ಲಿಯವರೆಗೆ ಹೊರದೇಶದಿಂದ ಕಂಪ್ಯೂಟರ್ ತರುವುದೆಂದರೆ ಲೈಸೆನ್ಸಿಗಾಗಿ ಕಚೇರಿ ಕಚೇರಿ ಅಲೆಯುವ ಕೆಲಸವಾಗಿತ್ತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂತು. 1991ರಲ್ಲಿ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಯೋಜನೆ ಆರಂಭವಾಗಿ, ತೆರಿಗೆಯ ರಿಯಾಯಿತಿಯೂ ಉಪಗ್ರಹ ಸಂಪರ್ಕವೂ ಸಣ್ಣ ಕಂಪನಿಗಳಿಗೆ ಸಿಕ್ಕವು. ಬೆಂಗಳೂರಿನಲ್ಲಿ ಬೆಳೆದ ಇನ್ಫೋಸಿಸ್ ಬ್ಯಾಂಕುಗಳಿಗಾಗಿಯೇ ತಂತ್ರಾಂಶ ಬರೆಯಿತು. ಅದರ ‘ಫಿನಾಕಲ್’ ಇಂದು ಮಂಗಳೂರಿನ ಕರ್ಣಾಟಕ ಬ್ಯಾಂಕ್ ಸೇರಿದಂತೆ ದೇಶದ ಹಲವಾರು ಬ್ಯಾಂಕುಗಳ ಲೆಕ್ಕ ಇಡುತ್ತಿದೆ. ಅಂದರೆ ಗುಮಾಸ್ತನ ಲೆಡ್ಜರನ್ನು ಮುಚ್ಚಿದ ಯಂತ್ರವೇ ಅದೇ ವರ್ಗದ ಮನೆಗಳ ಮಕ್ಕಳಿಗೆ ಇನ್ನೊಂದು ಊರಿನಲ್ಲಿ ಇನ್ನೊಂದು ಮೇಜನ್ನು ಹಾಕಿಕೊಟ್ಟಿತು. ಹಳೆಯ ಕೆಲಸ ಹೋಗುವುದು ಕಣ್ಣಿಗೆ ಕಾಣುತ್ತದೆ, ಹೊಸ ಕೆಲಸ ಹುಟ್ಟುವುದು ಆಗ ಕಾಣುವುದಿಲ್ಲ. ಆದರೆ ಹೊಸದು ಹುಟ್ಟಿಯೇ ಹುಟ್ಟುತ್ತದೆಂಬ ಖಾತರಿಯೂ ಇಲ್ಲ. ಆ ದಿನಗಳಲ್ಲಿ ಅದು ಹುಟ್ಟಿದ್ದು ಎಂಜಿನಿಯರಿಂಗ್ ಕಾಲೇಜುಗಳಿದ್ದುದರಿಂದ, ಸಾರ್ವಜನಿಕ ಉದ್ದಿಮೆಗಳಲ್ಲಿ ಪಳಗಿದ ಕೈಗಳಿದ್ದುದರಿಂದ, ನೀತಿ ಸರಿಯಾದ ಹೊತ್ತಿಗೆ ಬದಲಾದುದರಿಂದ.

ಈಗ ಕೃತಕ ಬುದ್ಧಿಮತ್ತೆಯ ಮಾತಿಗೆ ಬರೋಣ. ಬ್ಯಾಂಕಿಗೆ ಬಂದ ಹಳೆಯ ಕಂಪ್ಯೂಟರಿಗೂ ಇದಕ್ಕೂ ಏನು ಭೇದ? ಹಳೆಯ ಕಂಪ್ಯೂಟರ್ ಹೇಳಿದ್ದನ್ನು ಹೇಳಿದಂತೆ ಮಾಡುತ್ತಿತ್ತು. ಬಡ್ಡಿ ಇಷ್ಟು ಎಂದರೆ ಅಷ್ಟನ್ನೇ ಹಾಕುತ್ತಿತ್ತು. ನಿಯಮವನ್ನು ಬರೆದವರು ಮನುಷ್ಯರು, ಅದು ಕಾಗದದ ಮೇಲೂ ಇರುತ್ತಿತ್ತು. ಹೊಸ ಯಂತ್ರಕ್ಕೆ ನಿಯಮವನ್ನು ಕೊಡುವುದಿಲ್ಲ, ಲಕ್ಷಾಂತರ ಹಳೆಯ ಉದಾಹರಣೆಗಳನ್ನು ಕೊಡುತ್ತಾರೆ. ಸಾಲ ತೀರಿಸಿದವರು ಯಾರು, ತೀರಿಸದವರು ಯಾರು ಎಂಬ ದಾಖಲೆಗಳನ್ನು ನೋಡಿ ಅದು ತಾನೇ ಒಂದು ಮಾದರಿ ಕಟ್ಟಿಕೊಳ್ಳುತ್ತದೆ. ಹೊಸಬರು ಬಂದಾಗ, ಇವರು ತೀರಿಸುವ ಸಂಭವ ಇಷ್ಟು ಎಂದು ಅಂದಾಜು ಹೇಳುತ್ತದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಭಾಷೆಯನ್ನೂ ಇದೇ ರೀತಿ ಕಲಿತ ಯಂತ್ರಗಳು ಪತ್ರ ಬರೆಯುತ್ತಿವೆ, ಲೆಕ್ಕಪತ್ರದ ಸಾರ ತೆಗೆಯುತ್ತಿವೆ, ತಂತ್ರಾಂಶವನ್ನೂ ಬರೆಯುತ್ತಿವೆ.

ಇದರಿಂದ ಉಪಯೋಗವಿಲ್ಲವೆಂದು ಯಾರೂ ಹೇಳಲಾರರು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ಮೂಲಕ ನಡೆದ ವ್ಯವಹಾರಗಳು 2,000 ಕೋಟಿಯನ್ನು ದಾಟಿದವು. ಇಷ್ಟು ಪ್ರವಾಹದಲ್ಲಿ ಕಳ್ಳನನ್ನು ಕಣ್ಣಿನಿಂದ ಹುಡುಕುವುದು ಅಸಾಧ್ಯ. ವಂಚಕರು ಬೇರೆಯವರ ಹೆಸರಿನ ಖಾತೆಗಳಲ್ಲಿ ಹಣ ಸಾಗಿಸುವುದನ್ನು ಪತ್ತೆಹಚ್ಚಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕಿನ ಇನ್ನೊವೇಶನ್ ಹಬ್ ‘ಮ್ಯೂಲ್‌ಹಂಟರ್’ ಎಂಬ ಸಾಧನವನ್ನೇ ಸಿದ್ಧಪಡಿಸಿದೆ. ಅದೇ ರೀತಿ, ಅಡವಿಡಲು ಏನೂ ಇಲ್ಲದ ಸಣ್ಣ ವ್ಯಾಪಾರಿಗೆ ದಿನದ ವಹಿವಾಟಿನ ಆಧಾರದ ಮೇಲೆ ಸಾಲ ಸಿಗುವಂತಾದರೆ, ಎರಡಾಣೆಯ ಪಿಗ್ಮಿಯ ಆಶಯವೇ ಇನ್ನೊಂದು ರೂಪದಲ್ಲಿ ಮುಂದುವರಿದಂತೆ.

ಆದರೆ ಹಳೆಯ ಉದಾಹರಣೆಗಳಿಂದ ಕಲಿಯುವ ಯಂತ್ರ ಹಳೆಯ ಅನ್ಯಾಯವನ್ನೂ ಕಲಿಯುತ್ತದೆ. ಒಂದು ಕೇರಿಯ ಜನರಿಗೆ, ಅಥವಾ ಹೆಂಗಸರಿಗೆ, ಹಿಂದೆ ಸಾಲವನ್ನೇ ಕೊಟ್ಟಿರದಿದ್ದರೆ ಅವರು ಮರುಪಾವತಿ ಮಾಡಿದ ದಾಖಲೆಯೂ ಇರುವುದಿಲ್ಲ. ದಾಖಲೆ ಇಲ್ಲದ್ದನ್ನು ಯಂತ್ರ ಅಪಾಯ ಎಂದು ಓದಬಹುದು. ಹೂವು ಮಾರುವ ಒಬ್ಬ ತಾಯಿಯ ಖಾತೆಗೆ ಯಾವನೋ ವಂಚಕ ನೂರು ರೂಪಾಯಿ ಕಳಿಸಿ ಹೂವು ಕೊಂಡ ಎನ್ನಿ. ಯಂತ್ರ ಅನುಮಾನಪಟ್ಟು, ಬ್ಯಾಂಕು ಆ ಖಾತೆಯನ್ನು ತಡೆಹಿಡಿದರೆ ಮರುದಿನ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಹೂವು ಕೊಳ್ಳಲು ಆಕೆ ಹಣ ಎಲ್ಲಿಂದ ತರಬೇಕು? ಯಾರನ್ನು ಕೇಳಬೇಕು?

ಹಳೆಯ ಲೆಡ್ಜರಿನಲ್ಲಿ ಒಂದು ಗುಣವಿತ್ತು. ಪ್ರತಿಯೊಂದು ದಾಖಲೆಯ ಪಕ್ಕದಲ್ಲಿ ಬರೆದವರ, ಪರಿಶೀಲಿಸಿದವರ ಚಿಕ್ಕ ಸಹಿ ಇರುತ್ತಿತ್ತು. ತಪ್ಪಾದರೆ ಆ ಸಹಿಯ ಜಾಡು ಹಿಡಿದು ಒಬ್ಬ ಮನುಷ್ಯನ ಮುಂದೆ ಹೋಗಿ ನಿಲ್ಲಬಹುದಾಗಿತ್ತು. ಆತ ಒರಟನಾಗಿರಬಹುದು, ಊಟಕ್ಕೆ ಹೋಗಿರಬಹುದು, ಆದರೆ ಜವಾಬು ಹೇಳಬೇಕಾದವನು ಇದ್ದ. ‘ಸಿಸ್ಟಂ ಒಪ್ಪುತ್ತಿಲ್ಲ’ ಎಂಬ ಮಾತಿಗೆ ಸಹಿ ಯಾರದು? ಇದು ನಾನು ನಿಮ್ಮ ಮುಂದಿಡುವ ಎರಡನೆಯ ಪ್ರಶ್ನೆ. ಮೇಜಿನ ಬಳಿ ಯಾರಿದ್ದಾರೆ ಎಂಬುದು ಮೊದಲನೆಯದು, ಸಹಿ ಯಾರದು ಎಂಬುದು ಎರಡನೆಯದು. ಸರಕಾರದ ನೀತಿ ಏನನ್ನಾದರೂ ಮಾಡುವುದಿದ್ದರೆ ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು.

ನೀತಿಯಲ್ಲಿ ಈಗ ಏನು ನಡೆಯುತ್ತಿದೆ? ಕೇಂದ್ರ ಸರಕಾರ 2024ರ ಮಾರ್ಚಿನಲ್ಲಿ ಸುಮಾರು 10,372 ಕೋಟಿ ರೂಪಾಯಿಗಳ ‘ಇಂಡಿಯಾ ಎಐ ಮಿಷನ್’ಗೆ ಒಪ್ಪಿಗೆ ನೀಡಿತು. ಇದರಲ್ಲಿ ದೊಡ್ಡ ಪಾಲು ಭಾರೀ ಗಣನಶಕ್ತಿಯ ಯಂತ್ರಗಳನ್ನು ಕಡಿಮೆ ದರದಲ್ಲಿ ಸಂಶೋಧಕರಿಗೆ, ಹೊಸ ಕಂಪನಿಗಳಿಗೆ ಒದಗಿಸುವುದಕ್ಕೆ. ಇದು ಸರಿಯಾದ ಹೆಜ್ಜೆಯೇ. 1991ರ ಉಪಗ್ರಹ ಸಂಪರ್ಕ ಸಣ್ಣವರಿಗೆ ದಾರಿ ಮಾಡಿಕೊಟ್ಟಂತೆ ಇದೂ ಮಾಡಬಹುದು. ರಿಸರ್ವ್ ಬ್ಯಾಂಕ್ ನೇಮಿಸಿದ್ದ, ಪ್ರೊ. ಪುಷ್ಪಕ್ ಭಟ್ಟಾಚಾರ್ಯ ಅವರ ಅಧ್ಯಕ್ಷತೆಯ ಸಮಿತಿ 2025ರ ಆಗಸ್ಟಿನಲ್ಲಿ 7 ಸೂತ್ರಗಳನ್ನೂ 26 ಶಿಫಾರಸುಗಳನ್ನೂ ಕೊಟ್ಟಿತು. ಜನರೇ ಮೊದಲು, ಹೊಣೆಗಾರಿಕೆ ಇರಬೇಕು, ಯಂತ್ರದ ತೀರ್ಮಾನವನ್ನು ವಿವರಿಸಲು ಬರಬೇಕು ಎಂಬಂಥವು ಆ ಸೂತ್ರಗಳಲ್ಲಿವೆ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರವು ಕೃತಕ ಬುದ್ಧಿಮತ್ತೆಯ ನಿರ್ವಹಣೆಗೆ ಮಾರ್ಗಸೂಚಿಗಳನ್ನು ಪ್ರಕಟಿಸಿ, ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡವೆಂಬ ನಿಲುವು ತಳೆಯಿತು. ಯುರೋಪಿನ ದಾರಿ ಬೇರೆ. ಅಲ್ಲಿ 2024ರಲ್ಲಿ ಬಂದ ಕಾನೂನು, ವ್ಯಕ್ತಿಗಳ ಸಾಲದ ಅರ್ಹತೆಯನ್ನು ಅಳೆಯುವ ಯಂತ್ರಗಳನ್ನು ಹೆಚ್ಚಿನ ಅಪಾಯದ ವರ್ಗದಲ್ಲಿ ಇರಿಸಿದೆ.

ಸೂತ್ರಕ್ಕೂ ಕಾನೂನಿಗೂ ನಡುವಿನ ಅಂತರವನ್ನು ವಾಣಿಜ್ಯದ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು. ಸೂತ್ರವನ್ನು ಒಳ್ಳೆಯವರು ಪಾಲಿಸುತ್ತಾರೆ. ಕಾನೂನು ಇರುವುದು ಉಳಿದವರಿಗಾಗಿ. ಎಲ್ಲದಕ್ಕೂ ಕಾನೂನು ಮಾಡಿದರೆ ಹೊಸ ಉದ್ಯಮ ಉಸಿರಾಡುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ, ಲೈಸೆನ್ಸ್ ರಾಜ್ಯದ ಅನುಭವ ನಮಗಿದೆ. ಆದರೆ ಸಾಲ, ನೌಕರಿ, ಪಡಿತರ, ಪಿಂಚಣಿ ಇಂಥ ಬದುಕಿನ ಮೂಲಭೂತ ವಿಷಯಗಳಲ್ಲಿ ಯಂತ್ರ ‘ಇಲ್ಲ’ ಎಂದಾಗ, ಏಕೆ ಎಂದು ತನ್ನ ಭಾಷೆಯಲ್ಲಿ ಕೇಳಿ ತಿಳಿಯುವ ಹಕ್ಕು, ಒಬ್ಬ ಮನುಷ್ಯನಿಂದ ಮರುಪರಿಶೀಲನೆ ಪಡೆಯುವ ಹಕ್ಕು ಪ್ರಜೆಗೆ ಇರಬೇಕು. ಇಷ್ಟಕ್ಕೆ ಯಾವ ಉದ್ಯಮವೂ ಮುಳುಗುವುದಿಲ್ಲ.

ಕರ್ನಾಟಕ ಇಲ್ಲಿ ಒಂದು ಹೆಜ್ಜೆ ಇಟ್ಟಿದೆ. ಊಟ, ಸಾಮಾನು ತಲುಪಿಸುವ, ಬಾಡಿಗೆ ಗಾಡಿ ಓಡಿಸುವ ತರುಣರಿಗಾಗಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಬಂತು. ಕಾರ್ಮಿಕನಿಗೆ ಕಂಪನಿ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಶುಲ್ಕ ಪಡೆದು ಕಲ್ಯಾಣ ನಿಧಿಗೆ ಸೇರಿಸಲು ಅದರಲ್ಲಿ ಅವಕಾಶವಿದೆ. ಯಂತ್ರವು ಕೆಲಸವನ್ನು ಹೇಗೆ ಹಂಚುತ್ತದೆ, ಹೇಗೆ ಅಂಕ ಕೊಡುತ್ತದೆ ಎಂಬುದರ ಬಗ್ಗೆ ಪಾರದರ್ಶಕತೆಯನ್ನೂ, ಕೆಲಸದಿಂದ ತೆಗೆಯುವ ಮೊದಲು ಲಿಖಿತ ಕಾರಣವನ್ನೂ ಅದು ಬಯಸುತ್ತದೆ. ಈ ಹುಡುಗರನ್ನೂ ನೌಕರರಲ್ಲ, ‘ಪಾಲುದಾರರು’ ಎಂದು ಕರೆಯಲಾಗುತ್ತಿದೆ. ಪಿಗ್ಮಿ ಸಂಗ್ರಾಹಕರ ಕಥೆ ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ. ಅವರು 73 ವರ್ಷ ಕಾದರು. ಇವರು ಅಷ್ಟು ಕಾಯಬೇಕಾಗಿಲ್ಲ ಎಂಬುದೇ ಸಮಾಧಾನ. ಕಾಯ್ದೆ ಕಾಗದದಿಂದ ಬೀದಿಗೆ ಇಳಿಯುತ್ತದೆಯೇ ಎಂಬುದನ್ನು ಮಾತ್ರ ನೋಡುತ್ತಿರಬೇಕು.

ಇನ್ನು ಉದ್ಯೋಗದ ಮಾತು. ಈ ಸಲ ಯಂತ್ರ ಮುಟ್ಟುತ್ತಿರುವುದು ಕಂಪ್ಯೂಟರಿನಿಂದ ಅನ್ನ ಕಂಡ ವರ್ಗವನ್ನೇ. 2025ರ ಜುಲೈಯಲ್ಲಿ ಟಿಸಿಎಸ್ ಕಂಪನಿ ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟನ್ನು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು, ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಕೃತಕ ಬುದ್ಧಿಮತ್ತೆಯಲ್ಲ, ಕೌಶಲ್ಯ ಹೊಂದದಿರುವುದೇ ಕಾರಣ ಎಂದು ಕಂಪನಿ ಹೇಳಿತು. ಕಾರಣ ಏನೇ ಇರಲಿ, ಬ್ಯಾಂಕಿನ ಪಾಠವನ್ನು ಇಲ್ಲಿ ಮರೆಯಬಾರದು. ಸುದ್ದಿಯಾಗುವುದು ಕೆಲಸ ಕಳೆದುಕೊಂಡವರ ಸಂಖ್ಯೆ. ಸುದ್ದಿಯಾಗದೆ ಉಳಿಯುವುದು ತೆಗೆದುಕೊಳ್ಳದೇ ಬಿಟ್ಟವರ ಸಂಖ್ಯೆ. ಹೊಸಬರು ಮಾಡುತ್ತ ಕಲಿಯುವ ಸಣ್ಣಪುಟ್ಟ ಕೆಲಸಗಳನ್ನು ಯಂತ್ರಕ್ಕೆ ಕೊಟ್ಟುಬಿಟ್ಟರೆ, ಹತ್ತು ವರ್ಷಗಳ ನಂತರ ಯಂತ್ರದ ತಪ್ಪನ್ನು ಹಿಡಿಯಬಲ್ಲ ಅನುಭವಿಗಳು ಎಲ್ಲಿಂದ ಬರುತ್ತಾರೆ? ಲೆಡ್ಜರನ್ನು ಪರಿಶೀಲಿಸುವ ಅಧಿಕಾರಿಗಳಲ್ಲಿ ಎಷ್ಟೋ ಮಂದಿ ಲೆಡ್ಜರ್ ಬರೆದೇ ಮೇಲೆ ಬಂದವರು. ಆದ್ದರಿಂದ ಸರಕಾರ ಕಂಪನಿಗಳಿಗೆ ಭೂಮಿ, ವಿದ್ಯುತ್ತು, ತೆರಿಗೆಯ ರಿಯಾಯಿತಿ ಕೊಡುವಾಗ, ಹೊಸಬರಿಗೆ ತರಬೇತಿ ಕೊಟ್ಟು ಕೆಲಸ ಕಲಿಸುವ ಷರತ್ತನ್ನೂ ಹಾಕುವುದು ನ್ಯಾಯ. ಕರಾರಿನ ಮೇಜಿನ ಬಳಿ ತರುಣರ ಕುರ್ಚಿ ಎಂದರೆ ಇದೇ.

ಒಂದು ತೊಡಕನ್ನು ಹೇಳಿ ಮುಗಿಸುತ್ತೇನೆ. 1983ರಲ್ಲಿ ಯಂತ್ರ ಲಾರಿಯಲ್ಲಿ ಬರುತ್ತಿತ್ತು. ಬಾಗಿಲಲ್ಲಿ ನಿಂತು ಎಷ್ಟು, ಏತಕ್ಕೆ ಎಂದು ಕೇಳಬಹುದಾಗಿತ್ತು. ಈಗಿನ ಯಂತ್ರ ತಂತಿಯ ಮೂಲಕ, ಫೋನಿನ ಮೂಲಕ ಬರುತ್ತದೆ; ಬಂದದ್ದು ಗೊತ್ತಾಗುವಷ್ಟರಲ್ಲಿ ಅದು ಕೆಲಸ ಆರಂಭಿಸಿರುತ್ತದೆ. ಬಾಗಿಲು ಇಲ್ಲದ ಕಡೆ ಕಾವಲು ಹಾಕುವುದು ಹೇಗೆ? ನನ್ನ ಉತ್ತರ ಸರಳವಾದುದು. ಯಂತ್ರ ಬರುವಲ್ಲಿ ಕಾಯಲಾಗದಿದ್ದರೆ, ಅದರ ತೀರ್ಮಾನ ಮನುಷ್ಯನನ್ನು ಮುಟ್ಟುವಲ್ಲಿ ಕಾಯಬೇಕು. ಸಾಲ ನಿರಾಕರಿಸುವ ಪತ್ರದಲ್ಲಿ, ಕೆಲಸದಿಂದ ತೆಗೆಯುವ ಸಂದೇಶದಲ್ಲಿ, ಖಾತೆ ತಡೆಹಿಡಿದ ಸೂಚನೆಯಲ್ಲಿ ಒಂದು ಕಾರಣ, ಒಂದು ಹೆಸರು, ಒಂದು ಸಹಿ ಇರಬೇಕು.

ನಿಮ್ಮಲ್ಲಿ ಹಲವರು ಮುಂದೆ ಬ್ಯಾಂಕುಗಳಲ್ಲಿ, ಕಂಪನಿಗಳಲ್ಲಿ, ಸರಕಾರಿ ಕಚೇರಿಗಳಲ್ಲಿ ಇಂಥ ಯಂತ್ರಗಳ ಪಕ್ಕದಲ್ಲಿ ಕೂರುವವರು. ಅದು ಕೊಟ್ಟ ಉತ್ತರವನ್ನು ಒಪ್ಪುವ ಮೊದಲು ಒಮ್ಮೆ ಓದಿ. ಓದಿದ ಮೇಲೆ ಸಹಿ ಮಾಡಲು ಧೈರ್ಯವಿದ್ದರೆ ಮಾತ್ರ ಮುಂದೆ ಕಳುಹಿಸಿ.